ಅದೇ ಡೋಸ್, ಅದೇ ಇಲಿ: ಮಧ್ಯಾಹ್ನ ಉದ್ದ ನಿದ್ದೆ, ರಾತ್ರಿ ಗಿಡ್ಡ ನಿದ್ದೆ. ಯಾಕೆ?

ಇಲಿಮನೆ:
ಹದಿನೈದು ವರ್ಷದ ಹಿಂದಿನ ಮಾತು. ಆಗಷ್ಟೇ ಲ್ಯಾಬ್ ಸೇರಿದ್ದೆ. ಒಂದು ಗಿಡದ ಸಾರ ಲಿವರ್ ಮೇಲೆ ಏನು ಮಾಡುತ್ತದೆ ಅಂತ ನೋಡುವ ಕೆಲಸ. ಅದಕ್ಕೆ ಹೆಕ್ಸೊಬಾರ್ಬಿಟಾಲ್ ಅನ್ನುವ ನಿದ್ದೆಮದ್ದಿನ ಪರೀಕ್ಷೆ ಇಟ್ಟುಕೊಂಡಿದ್ದೆವು. ಲಿವರ್ ಅದನ್ನು ಎಷ್ಟು ಬೇಗ ಒಡೆಯುತ್ತದೋ ಇಲಿಗೆ ಅಷ್ಟು ಬೇಗ ಎಚ್ಚರ. ಇಲಿಗೆ ಮದ್ದು ಚುಚ್ಚಬೇಕು, ಅದು ಮಲಗಿದ ಮೇಲೆ ಅಂಗಾತ ಮಾಡಿ ಇಡಬೇಕು, ಸ್ಟಾಪ್‌ವಾಚ್ ಹಿಡಿದು ಪಕ್ಕದಲ್ಲೇ ಕೂರಬೇಕು. ತಾನಾಗಿ ಮಗುಚಿಕೊಂಡು ನಾಲ್ಕು ಕಾಲ ಮೇಲೆ ನಿಂತರೆ ಎಚ್ಚರವಾಯಿತು ಅಂತ ಲೆಕ್ಕ. ನೋಡಿದವರಿಗೆ ಗೊತ್ತು. ಮೊದಲು ಮೀಸೆ ಅದುರುತ್ತದೆ. ಆಮೇಲೆ ಒಂದು ಮುಂಗಾಲು ಗಾಳಿಯಲ್ಲಿ ಈಜುತ್ತದೆ. ಅರ್ಧ ಹೊರಳಿ ಮತ್ತೆ ಅಂಗಾತ ಬೀಳುತ್ತದೆ. ಎರಡು ಮೂರು ಸಲ ಹೀಗಾಗಿ, ಕೊನೆಗೊಮ್ಮೆ ಪಟಕ್ಕನೆ ಮಗುಚಿಕೊಳ್ಳುತ್ತದೆ.

ನಾನು ಮಧ್ಯಾಹ್ನ ಊಟ ಮುಗಿಸಿ ಮಾಡುತ್ತಿದ್ದೆ. ನನ್ನ ಜೊತೆಗಾರ್ತಿಗೆ ಸಂಜೆವರೆಗೂ ಕ್ಲಾಸ್, ಹಾಗಾಗಿ ಅವಳದು ರಾತ್ರಿ ಎಂಟರ ಮೇಲೆ. ಇಲಿಮನೆಯಲ್ಲಿ ಬೆಳಗ್ಗೆ ಆರಕ್ಕೆ ದೀಪ ಹತ್ತುತ್ತಿತ್ತು, ಸಂಜೆ ಆರಕ್ಕೆ ಆರುತ್ತಿತ್ತು. ತಿಂಗಳ ಕೊನೆಯಲ್ಲಿ ಇಬ್ಬರ ಪಟ್ಟಿ ಪಕ್ಕಪಕ್ಕ ಇಟ್ಟೆವು. ಗಿಡದ ಸಾರ ಕೊಡದೆ ಬರೀ ನಿದ್ದೆಮದ್ದು ಕೊಟ್ಟ ಕಂಟ್ರೋಲ್ ಗುಂಪಿನಲ್ಲೂ ನನ್ನ ಇಲಿಗಳು ಸ್ಪಷ್ಟವಾಗಿ ಜಾಸ್ತಿ ಹೊತ್ತು ಮಲಗಿದ್ದವು. ಡೋಸ್ ಒಂದೇ, ಬಾಟಲಿ ಒಂದೇ, ಒಂದೇ ವಯಸ್ಸಿನ ಗಂಡು ಇಲಿಗಳು. ಅವಳ ಕೈ ಸರಿಯಿಲ್ಲ ಅಂತ ಹಿರಿಯರೊಬ್ಬರು ಎಲ್ಲರ ಮುಂದೆ ಬೈದರು. ಅವಳು ಒಂದು ವಾರ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ಅವಳ ಕೈ ಸರಿಯಾಗಿಯೇ ಇತ್ತು. ಹೊತ್ತು ಬೇರೆಯಾಗಿತ್ತು, ಅಷ್ಟೇ. ಇದು ನಮಗೆ ತಿಳಿದದ್ದು ತುಂಬಾ ತಡವಾಗಿ. ಅದಕ್ಕೇ ಕೇಳುತ್ತಿದ್ದೇನೆ: ಪ್ರಾಣಿಗೆ ಮಂಪರಿನ ಮದ್ದು ಕೊಡುವಾಗ, ದೀಪ ಹತ್ತಿ ಎಷ್ಟು ಗಂಟೆಯಾಗಿತ್ತು ಅಂತ ಬರೆದಿಡುವ ಅಭ್ಯಾಸ ನಿಮ್ಮಲ್ಲಿ ಯಾರಿಗಾದರೂ ಇದೆಯಾ?

ಪಶುವೈದ್ಯ:
ನಾನು ಬರೆಯುವುದಿಲ್ಲ, ನಿಜ ಹೇಳಿಬಿಡುತ್ತೇನೆ. ಗಡಿಯಾರದ ಸಮಯ ಬರೆಯುತ್ತೇನೆ, ಬೆಳಕಿನದ್ದಲ್ಲ. ಆದರೆ ಒಂದು ಅನುಮಾನ. ನಿದ್ದೆಯ ಉದ್ದ ಬದಲಾಗಲು ಬೇರೆ ಕಾರಣಗಳೂ ಬೇಕಾದಷ್ಟಿವೆ. ರಾತ್ರಿ ಹೊತ್ತು ಇಲಿ ಚುರುಕಾಗಿರುತ್ತದೆ, ಹಿಡಿಯುವಾಗ ಗಾಬರಿ ಜಾಸ್ತಿ. ಕೋಣೆಯ ತಂಪು ಬೇರೆ. ಹಾಸು ಬೇರೆ ಇದ್ದಿರಬಹುದು.

ಇಲಿಮನೆ:
ಹಾಸು ಒಂದೇ ಇತ್ತು ಡಾಕ್ಟ್ರೇ. ಆದರೂ ಕೇಳಿದ್ದು ಒಳ್ಳೆಯದಾಯಿತು, ಇಲಿಯ ನಿದ್ದೆ ಅಳೆಯುವವರೆಲ್ಲ ಇದನ್ನು ತಿಳಿದಿರಬೇಕು. 1967ರಲ್ಲಿ ವೆಸೆಲ್ ಎಂಬುವವರು ಒಂದು ವಿಷಯ ತೋರಿಸಿದರು. ದೇವದಾರು, ಪೈನ್ ಜಾತಿಯ ಮೆತ್ತನೆ ಮರದ ಹೊಟ್ಟನ್ನು ಹಾಸಾಗಿ ಹಾಕಿದರೆ ಇಲಿಯ ಲಿವರ್‌ನಲ್ಲಿ ಮದ್ದು ಒಡೆಯುವ ಕಿಣ್ವಗಳು ಏರುತ್ತವೆ, ಹೆಕ್ಸೊಬಾರ್ಬಿಟಾಲ್ ನಿದ್ದೆ ಗಿಡ್ಡವಾಗುತ್ತದೆ. ಗಟ್ಟಿ ಮರದ ಹೊಟ್ಟು ಹಾಕಿದರೆ ನಿದ್ದೆ ಮತ್ತೆ ಮೊದಲಿನಷ್ಟಾಗುತ್ತದೆ. ಹೊಟ್ಟಿನ ವಾಸನೆಯೇ ಇಷ್ಟು ಮಾಡುವುದಾದರೆ, ದಿನಾ ಹತ್ತಿ ಆರುವ ಬೆಳಕು ಸುಮ್ನೆ ಇರುತ್ತದಾ?

ಸೂಜಿಮದ್ದು:
ಇದು ನನ್ನ ಇಷ್ಟದ ವಿಷಯ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

ಇಲಿಮನೆ ಸರ್, ನಿಮ್ಮ ಜೊತೆಗಾರ್ತಿ ಕಂಡದ್ದು ಹೊಸದಲ್ಲ. 1960ರ ದಶಕದ ಕೊನೆಯಲ್ಲೇ ಇಲಿಗಳಲ್ಲಿ ಇದನ್ನು ಅಳೆದಿದ್ದರು. ಹೆಕ್ಸೊಬಾರ್ಬಿಟಾಲ್ ನಿದ್ದೆ ಹಗಲಿನ ನಡುವೆ ಅತಿ ಉದ್ದ, ರಾತ್ರಿ ಅತಿ ಗಿಡ್ಡ. ಲಿವರ್‌ನಲ್ಲಿ ಆ ಮದ್ದನ್ನು ಒಡೆಯುವ ಕಿಣ್ವದ ಕೆಲಸ ಅಳೆದರೆ ನೇರ ತಿರುಗುಮುರುಗು: ರಾತ್ರಿ ಜಾಸ್ತಿ, ಹಗಲು ಕಡಿಮೆ. ಇಲಿ ರಾತ್ರಿ ಓಡಾಡಿ ತಿನ್ನುವ ಪ್ರಾಣಿ. ತಿನ್ನುವ ಹೊತ್ತಿಗೆ ಹೊಟ್ಟೆಗೆ ವಿಷವೂ ಬರಬಹುದು. ಹಾಗಾಗಿ ಲಿವರ್ ರಾತ್ರಿಪಾಳಿಗೆ ಸಿದ್ಧವಾಗಿ ನಿಂತಿರುತ್ತದೆ. ಆ ಹೊತ್ತಿಗೆ ನೀವು ಚುಚ್ಚಿದ ಮದ್ದು ಬೇಗ ಖಾಲಿ, ಇಲಿ ಬೇಗ ಎಚ್ಚರ.

1968ರಲ್ಲಿ ಇಲಿಗಳ ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿ ತೆಗೆದು ನೋಡಿದರು. ಕಿಣ್ವದ ಏರಿಳಿತ ಅಳಿಸಿಹೋಯಿತು. ಅಂದರೆ ಮೈಯೊಳಗೆ ಹಗಲು ರಾತ್ರಿಯ ಲೆಕ್ಕ ಇಡುವ ಗಡಿಯಾರದ ಸುದ್ದಿ ಲಿವರ್‌ಗೆ ಮುಟ್ಟುವುದರಲ್ಲಿ ಅಡ್ರಿನಲ್ ಹಾರ್ಮೋನಿಗೂ ಕೈ ಇದೆ. ಇಲಿಯಲ್ಲಿ ಆ ಹಾರ್ಮೋನು ಉಕ್ಕುವುದು ದೀಪ ಆರುವ ಹೊತ್ತಿನ ಆಸುಪಾಸು, ಮನುಷ್ಯರಲ್ಲಿ ಬೆಳಗ್ಗೆ ಏಳುವ ಹೊತ್ತಿಗೆ. ಎರಡೂ ಪ್ರಾಣಿಗೆ ಅದು ಏಳುವ ಹೊತ್ತೇ, ಗಮನಿಸಿ.

ಮುಂದೆ ವಂಶವಾಹಿಗಳ ಕಾಲ ಬಂತು. ಲಿವರ್‌ನ ಒಂದೊಂದು ಕೋಶದಲ್ಲೂ ಸಣ್ಣ ಗಡಿಯಾರವಿದೆ. ಅದು ಡಿಬಿಪಿ, ಟೆಫ್, ಎಚ್‌ಎಲ್‌ಎಫ್ ಅನ್ನುವ ಮೂರು ಪ್ರೋಟೀನುಗಳನ್ನು ದಿನಕ್ಕೊಮ್ಮೆ ಏರಿಸಿ ಇಳಿಸುತ್ತದೆ. ಮದ್ದು ಒಡೆಯುವ ಕಿಣ್ವಗಳಿಗೆ ಅಪ್ಪಣೆ ಕೊಡುವವರಲ್ಲಿ ಇವೂ ಇವೆ. 2006ರಲ್ಲಿ ಈ ಮೂರೂ ಇಲ್ಲದ ಸಣ್ಣ ಇಲಿಗಳನ್ನು (ಮೌಸ್) ನೋಡಿದಾಗ, ಹೊರಗಿನ ರಾಸಾಯನಿಕಗಳನ್ನು ಕಳೆದುಕೊಳ್ಳುವ ಅವುಗಳ ಶಕ್ತಿಯೇ ಕುಗ್ಗಿತ್ತು.

ಇನ್ನೊಂದು ವಿಷಯ, ಇದನ್ನು ಬಹಳ ಜನ ಮರೆಯುತ್ತಾರೆ. ಮಿದುಳಿನ ಗಡಿಯಾರ ಬೆಳಕಿಗೆ ಹೊಂದಿಕೊಳ್ಳುತ್ತದೆ. ಲಿವರ್‌ನದ್ದು ಊಟದ ಹೊತ್ತಿಗೂ ಹೊಂದಿಕೊಳ್ಳುತ್ತದೆ. ಇಲಿಗೆ ಹಗಲು ಮಾತ್ರ ಊಟ ಇಟ್ಟರೆ ಕೆಲವೇ ದಿನಗಳಲ್ಲಿ ಲಿವರ್ ಒಂದು ಹೊತ್ತು ಹೇಳುತ್ತದೆ, ಮಿದುಳು ಇನ್ನೊಂದು. ದೀಪ ಸರಿಯಾಗಿದೆ ಅಂತ ನೀವು ನೆಮ್ಮದಿಯಾಗಿ ಇರುತ್ತೀರಿ, ಒಳಗೆ ಎರಡು ಗಡಿಯಾರ ಜಗಳ ಆಡುತ್ತಿರುತ್ತವೆ.

ಎರಡನೇವರ್ಷ:
ಮೇಡಂ, ಒಂದು ಪ್ರಶ್ನೆ. ಇಲಿ ಹಗಲು ಹೇಗೂ ಮಲಗುತ್ತದೆ ಅಲ್ವಾ? ಮಲಗುವ ಹೊತ್ತಿಗೆ ನಿದ್ದೆಯ ಮದ್ದು ಕೊಟ್ಟರೆ ಜಾಸ್ತಿ ಮಲಗುತ್ತದೆ. ಇದಕ್ಕೆ ಲಿವರ್ ಯಾಕೆ ಬೇಕು?

ಸೂಜಿಮದ್ದು:
ತುಂಬಾ ಒಳ್ಳೆಯ ಪ್ರಶ್ನೆ. ಉತ್ತರ ಹುಡುಕಲು ಹಳಬರ ಹತ್ತಿರ ಒಂದು ಚಂದದ ಉಪಾಯವಿತ್ತು. ಬಾರ್ಬಿಟಾಲ್ ಅಂತ ಇನ್ನೊಂದು ಮದ್ದಿದೆ, ಹೆಕ್ಸೊಬಾರ್ಬಿಟಾಲಿನ ನೆಂಟ. ಅದನ್ನು ಲಿವರ್ ಹೆಚ್ಚು ಕಡಿಮೆ ಮುಟ್ಟುವುದೇ ಇಲ್ಲ. ಹಾಗೆಯೇ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಎರಡನ್ನೂ ಬೇರೆ ಬೇರೆ ಇಲಿಗಳಿಗೆ ಕೊಡಿ. ಹೆಕ್ಸೊಬಾರ್ಬಿಟಾಲ್ ನಿದ್ದೆ ಬದಲಾಗಿ ಬಾರ್ಬಿಟಾಲ್ ನಿದ್ದೆ ಬದಲಾಗದಿದ್ದರೆ ತಪ್ಪು ಲಿವರ್‌ನದು. ಎರಡೂ ಬದಲಾದರೆ ಮಿದುಳೂ ಸೇರಿದೆ ಅಂತ ಅರ್ಥ. ನಿನ್ನಂಥ ಪ್ರಶ್ನೆ ಕೇಳುವವರಿಗೆ ಇದಕ್ಕಿಂತ ಸರಳ ಪರೀಕ್ಷೆ ನನಗೆ ಗೊತ್ತಿಲ್ಲ.

ಮತ್ತೆ, ಎಲ್ಲ ಮದ್ದಿಗೂ ಒಂದೇ ಹೊತ್ತು ಅಂತ ತಿಳಿಯಬೇಡ. ಇದೇ ಕುಲದ ಇನ್ನೊಂದು ಮದ್ದು ಪೆಂಟೊಬಾರ್ಬಿಟಾಲ್ ಇಲಿಗಳಲ್ಲಿ ದಿನದ ಒಂದೊಂದು ಹೊತ್ತಿಗೆ ಒಂದೊಂದು ಉದ್ದದ ನಿದ್ದೆ ಕೊಡುತ್ತದೆ ಅಂತ ಶೆವಿಂಗ್ ಮತ್ತು ಜೊತೆಗಾರರು 1968ರಲ್ಲಿ ಬರೆದರು. ಆದರೆ ಹೆಕ್ಸೊಬಾರ್ಬಿಟಾಲಿನ ನಕ್ಷೆ ತಂದು ಅದರ ಮೇಲೆ ಅಂಟಿಸಲು ಆಗುವುದಿಲ್ಲ. ಮದ್ದು ಬದಲಾದರೆ ಹೊತ್ತನ್ನು ಮೊದಲಿಂದ ಅಳೆಯಬೇಕು.

ಪಶುವೈದ್ಯ:
ಹಾಗಾದರೆ ಉಸಿರಿನಲ್ಲಿ ಕೊಡುವ ಅರಿವಳಿಕೆ ಐಸೊಫ್ಲುರೇನ್‌ಗೆ ಈ ತಲೆನೋವು ಇಲ್ಲ ಅಲ್ವಾ? ಅದು ಲಿವರ್‌ನಲ್ಲಿ ಒಡೆಯುವುದು 0.2 ಶೇಕಡಾ ಆಸುಪಾಸು. ಉಳಿದದ್ದು ಉಸಿರಿನಲ್ಲೇ ಹೊರಗೆ.

ಸೂಜಿಮದ್ದು:
ಲಿವರ್‌ನ ಪಾಲು ಹೋಯಿತು ಡಾಕ್ಟ್ರೇ, ಮಿದುಳಿನ ಪಾಲು ಉಳಿಯಿತು. ಉಸಿರಿನ ಅರಿವಳಿಕೆ ಇಲಿಗೆ ಎಷ್ಟು ಬೇಕಾಗುತ್ತದೆ ಅಂತ 1970ರಲ್ಲೇ ಬೇರೆ ಬೇರೆ ಹೊತ್ತಿಗೆ ಅಳೆದಿದ್ದಾರೆ. ಇಲಿ ಚುರುಕಾಗಿರುವ ಕತ್ತಲ ಹೊತ್ತಿಗೆ ಸ್ವಲ್ಪ ಜಾಸ್ತಿ ಬೇಕಾಯಿತು. ವ್ಯತ್ಯಾಸ ಚುಚ್ಚುಮದ್ದಿನಷ್ಟು ದೊಡ್ಡದಲ್ಲ. ಆದರೆ ಇಲ್ಲ ಅನ್ನುವ ಹಾಗೂ ಇಲ್ಲ.

ಮೀನಿನತೊಟ್ಟಿ:
ಇಲಿಯವರ ನಡುವೆ ನಾನೂ ಬರಬಹುದಾ? ನಾನು ಜೀಬ್ರಾ ಮೀನು ಸಾಕುತ್ತೇನೆ, ಸಂಶೋಧನೆಗೆ. ಬಾಲದ ರೆಕ್ಕೆಯ ಚೂರು ತೆಗೆಯುವ ಮುಂಚೆ ಮೀನಿಗೆ ಎಂಎಸ್-222 ಕರಗಿಸಿದ ನೀರಿನಲ್ಲಿ ಮಂಪರು ಬರಿಸುತ್ತೇವೆ. ಕೆಲವರು ಲವಂಗದ ಎಣ್ಣೆಯ ಯುಜಿನಾಲ್ ಬಳಸುತ್ತಾರೆ.

ಮೀನು ಮಂಪರಿಗೆ ಹೋಗುವುದನ್ನು ಹತ್ತಿರದಿಂದ ನೋಡಬೇಕು. ಮೊದಲು ಸುಮ್ಮನೆ ನಿಲ್ಲುತ್ತದೆ. ಆಮೇಲೆ ಮೈ ಒಂದು ಪಕ್ಕಕ್ಕೆ ವಾಲುತ್ತದೆ, ಬಾಲ ಒದ್ದು ಸರಿ ಮಾಡಿಕೊಳ್ಳುತ್ತದೆ, ಮತ್ತೆ ವಾಲುತ್ತದೆ. ಕೊನೆಗೆ ಹೊಟ್ಟೆಯ ಬಿಳಿ ಮೇಲೆ ಬರುತ್ತದೆ, ಕಿವಿರು ಮಾತ್ರ ನಿಧಾನವಾಗಿ ಆಡುತ್ತಿರುತ್ತದೆ. ಆ ಕಿವಿರಿನ ಮೇಲೇ ನನ್ನ ಕಣ್ಣು. ಅದು ನಿಂತರೆ ತಕ್ಷಣ ಒಳ್ಳೆಯ ನೀರಿಗೆ ಹಾಕಬೇಕು.

ಜೀಬ್ರಾ ಮೀನು ಹಗಲಿನ ಪ್ರಾಣಿ. 2011ರಲ್ಲಿ ಇದೇ ಎರಡು ಮದ್ದುಗಳನ್ನು ಹಗಲೂ ರಾತ್ರಿಯೂ ಕೊಟ್ಟು ನೋಡಿದ ಕೆಲಸ ಬಂತು. ಮದ್ದು ಜೋರಾಗಿ ಹತ್ತಿದ್ದು ಹಗಲಲ್ಲಿ. ಕೇಡು ಮಾಡಿದ್ದೂ ಹಗಲಲ್ಲೇ ಜಾಸ್ತಿ. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಯಾಕೆ ಅಂದರೆ ನಾವೆಲ್ಲ ಕೆಲಸ ಮಾಡುವುದೇ ಹಗಲಲ್ಲಿ! ಇಲ್ಲಿ ತನಕ ಸುರಕ್ಷಿತ ಅಂದುಕೊಂಡ ಡೋಸ್, ಮೀನಿನ ಮೈ ಅತಿ ಸೂಕ್ಷ್ಮವಾಗಿರುವ ಹೊತ್ತಿನ ಡೋಸ್. ಅದೃಷ್ಟಕ್ಕೆ ಅದು ಎಚ್ಚರಿಕೆಯ ಪಕ್ಕಕ್ಕೇ ಇತ್ತು. ರಾತ್ರಿ ಅಳೆದ ಡೋಸ್ ತಂದು ಹಗಲು ಕೊಟ್ಟಿದ್ದರೆ ಏನಾಗುತ್ತಿತ್ತೋ.

ಎರಡನೇವರ್ಷ:
ಹಾಗಾದರೆ ನನ್ನ ಲೆಕ್ಕ ತಪ್ಪಿತು. ಇಲಿ ಮಲಗುವ ಹೊತ್ತಿಗೆ ಮದ್ದು ಜಾಸ್ತಿ ಹತ್ತುತ್ತದೆ, ಮೀನು ಎದ್ದಿರುವ ಹೊತ್ತಿಗೆ ಜಾಸ್ತಿ ಹತ್ತುತ್ತದೆ. ಇಬ್ಬರಿಗೂ ಹಗಲೇ ಬಂತಲ್ಲ. ಮೆಲಟೋನಿನ್ ಏನಾದರೂ ಇದಕ್ಕೆ ಕಾರಣವಾ?

ಸೂಜಿಮದ್ದು:
ಮೆಲಟೋನಿನ್ ಹೆಸರು ತಂದದ್ದು ಒಳ್ಳೆಯದು, ಅದರ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಅದನ್ನು ನಿದ್ದೆಯ ಹಾರ್ಮೋನು ಅನ್ನುತ್ತಾರೆ. ಅದು ಕತ್ತಲೆಯ ಹಾರ್ಮೋನು. ಹಗಲು ಓಡಾಡುವ ಪ್ರಾಣಿಯಲ್ಲೂ ರಾತ್ರಿ ಓಡಾಡುವ ಪ್ರಾಣಿಯಲ್ಲೂ ಅದು ಏರುವುದು ರಾತ್ರಿಯೇ. ಇಲಿಗೆ ಅದು "ಏಳು, ಹೊರಡು" ಅನ್ನುವ ಹೊತ್ತು. ಜೊತೆಗೆ ಸಿ57ಬಿಎಲ್/6 ಅನ್ನುವ ಸಣ್ಣ ಇಲಿಯ ತಳಿ, ಲೋಕದ ಲ್ಯಾಬುಗಳಲ್ಲಿ ಅತಿ ಹೆಚ್ಚು ಕಾಣುವ ತಳಿಗಳಲ್ಲಿ ಒಂದು, ಮೆಲಟೋನಿನ್ ಹೆಚ್ಚುಕಡಿಮೆ ಮಾಡುವುದೇ ಇಲ್ಲ. ಆದರೂ ಅದರ ದಿನಚರಿ ಗಡಿಯಾರದಂತೆ ನಡೆಯುತ್ತದೆ. ಹಾಗಾಗಿ ಎಲ್ಲವನ್ನೂ ಅದರ ತಲೆಗೆ ಕಟ್ಟಬೇಡ.

ಇಲಿಗೂ ಮೀನಿಗೂ ಹಗಲೇ ಬಂದದ್ದರಿಂದ ಒಂದೇ ಕಾರಣ ಅಂತ ಹೇಳಲೂ ಆಗುವುದಿಲ್ಲ. ಮೀನಿಗೆ ಮದ್ದು ಹೋಗುವುದು ಕಿವಿರಿನಿಂದ. ಚುರುಕಾಗಿರುವ ಮೀನು ಹೆಚ್ಚು ನೀರು ಎಳೆಯುತ್ತದೆ, ಅದರ ಜೊತೆ ಹೆಚ್ಚು ಮದ್ದೂ ಒಳಗೆ ಹೋಗಬಹುದು ಅನ್ನುವುದು ನನ್ನ ಊಹೆ. ಇಲಿಗೆ ಸೂಜಿಯಲ್ಲಿ ಎಷ್ಟು ಕೊಟ್ಟೆವೋ ಅಷ್ಟೇ. ದಾರಿ ಬೇರೆ, ಕಾರಣವೂ ಬೇರೆ.

ಪಶುವೈದ್ಯ:
ಇದೆಲ್ಲ ಗಡಿಯಾರದ ಕೆಲಸವೇ ಅಂತ ಹೇಗೆ ಗೊತ್ತು? ದೀಪದ ಬೆಳಕೇ ನೇರವಾಗಿ ಪ್ರಾಣಿಯನ್ನು ಕೆಣಕಿರಬಹುದು.

ಸೂಜಿಮದ್ದು:
ಹಣ್ಣಿನ ನೊಣ ಅದಕ್ಕೆ ಉತ್ತರ ಕೊಟ್ಟಿದೆ. ನೊಣಕ್ಕೆ ಆಲ್ಕೋಹಾಲಿನ ಆವಿ ಕೊಟ್ಟರೆ ಅದು ತೂರಾಡಿ ಕೊನೆಗೆ ಬೀಳುತ್ತದೆ. ಎಷ್ಟು ಬೇಗ ಬೀಳುತ್ತದೆ ಅನ್ನುವುದು ಹೊತ್ತಿನ ಮೇಲೆ ನಿಂತಿದೆ, ರಾತ್ರಿ ಬೇಗ ಬೀಳುತ್ತದೆ. 2011ರಲ್ಲಿ ಬಂದ ಕೆಲಸ ಇದು. ಪೀರಿಯಡ್ ಅನ್ನುವ ಗಡಿಯಾರದ ಜೀನ್ ಕೆಟ್ಟ ನೊಣಗಳಲ್ಲಿ ಈ ವ್ಯತ್ಯಾಸ ಮಾಯ. ಇದೇ ಜೀನಿನ ಕೆಲಸಕ್ಕಾಗಿ 2017ರ ನೊಬೆಲ್ ಹಾಲ್, ರೋಸ್‌ಬಾಶ್, ಯಂಗ್ ಮೂವರಿಗೆ ಬಂತು. ಬೆಳಕೇ ನೇರವಾಗಿ ಕೆಣಕುತ್ತಿದ್ದರೆ ಜೀನ್ ಕೆಟ್ಟ ನೊಣದಲ್ಲೂ ವ್ಯತ್ಯಾಸ ಉಳಿಯಬೇಕಿತ್ತು.

ರಾತ್ರಿಪಾಳಿ:
ನಾನು ವಿಜ್ಞಾನಿ ಅಲ್ಲ. ಪ್ರಾಣಿಮನೆ ನೋಡಿಕೊಳ್ಳುವವನು, ದೀಪ, ನೀರು, ಹಾಸು ನನ್ನ ಕೆಲಸ. ಒಂದು ಮಾತು ಹೇಳಬೇಕು ಅನ್ನಿಸಿತು. ನೀವೆಲ್ಲ ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲೆ ಅಂತ ಬರೆಯುತ್ತೀರಿ. ಆ ಕತ್ತಲೆ ನಿಜಕ್ಕೂ ಕತ್ತಲೆಯಾ ಅಂತ ಯಾರಾದರೂ ಒಳಗೆ ಹೋಗಿ ನಿಂತು ನೋಡಿದ್ದೀರಾ?

ನಾನು ನೋಡಿದ್ದೇನೆ. ದೀಪ ಆರಿದ ಮೇಲೆ ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಸುಮ್ಮನೆ ನಿಂತೆ. ಕಣ್ಣು ಹೊಂದಿಕೊಂಡ ಮೇಲೆ ಒಂದೊಂದೇ ಕಾಣತೊಡಗಿತು. ಬಾಗಿಲ ಕೆಳಗಿನ ಸಂದಿಯಲ್ಲಿ ಕಾರಿಡಾರಿನ ಬೆಳಕಿನ ಗೆರೆ. ಬಾಗಿಲ ಗಾಜಿನ ಕಿಂಡಿ. ಗೋಡೆಯ ಮೇಲೆ ಹಸಿರು ಪುಟ್ಟ ಬಲ್ಬು. ಮೇಲಿನ ಸಾಲಿನ ಪಂಜರಗಳಿಗೆ ಒಂದು ಬೆಳಕು, ಕೆಳಗಿನ ಸಾಲಿಗೆ ಇನ್ನೊಂದು. ಬೆಳಗ್ಗೆಯೇ ಸಂದಿಗೆ ರಬ್ಬರ್ ಪಟ್ಟಿ ಹೊಡೆದು, ಕಿಂಡಿಗೆ ಕಪ್ಪು ಹಾಳೆ ಅಂಟಿಸಿದೆ.

ಸೂಜಿಮದ್ದು:
ನಿಮಗೆ ದೊಡ್ಡ ನಮಸ್ಕಾರ. ಕತ್ತಲ ಹೊತ್ತಿನಲ್ಲಿ ಸಂದಿಯಿಂದ ಬರುವ 0.2 ಲಕ್ಸ್ ಬೆಳಕೇ ಇಲಿಯ ಮೆಲಟೋನಿನ್ ತಗ್ಗಿಸಲು ಸಾಕು ಅಂತ ತೋರಿಸಿದ ಕೆಲಸವಿದೆ. ಹುಣ್ಣಿಮೆಯ ರಾತ್ರಿ ನೆಲಕ್ಕೆ ಬೀಳುವ ಬೆಳಕಿನಷ್ಟು ಅದು. ಕಣ್ಣಿನ ಹಿಂಪರದೆಯಲ್ಲಿ ಚಿತ್ರ ನೋಡುವ ಕೋಶಗಳ ಜೊತೆ, ಬೆಳಕಿನ ಅಳತೆಯನ್ನು ಗಡಿಯಾರಕ್ಕೆ ಕಳಿಸುವ ಬೇರೆ ಕೋಶಗಳೂ ಇವೆ. ಅವುಗಳಲ್ಲಿರುವ ಬಣ್ಣದ ವಸ್ತು ಮೆಲನಾಪ್ಸಿನ್. ಅದಕ್ಕೆ ಅತಿ ಇಷ್ಟ 480 ನ್ಯಾನೊಮೀಟರ್ ಸುತ್ತಲಿನ ನೀಲಿ ಬೆಳಕು. ಹಾಗಂತ ಕೆಂಪು ದೀಪ ಹಾಕಿದರೆ ಇಲಿಗೆ ಏನೂ ಕಾಣುವುದಿಲ್ಲ ಅಂತ ನಂಬಬೇಡಿ. ಜೋರಾದ ಕೆಂಪು ಅದಕ್ಕೂ ತಿಳಿಯುತ್ತದೆ.

ಇಲಿಮನೆ:
ನಮ್ಮ ಕೋಣೆಯ ಬಾಗಿಲಿಗೂ ಗಾಜಿನ ಕಿಂಡಿ ಇತ್ತು. ಹದಿನೈದು ವರ್ಷದ ಮೇಲೆ ಇದು ನೆನಪಾಗಬೇಕಾ!

ಮೀನಿನತೊಟ್ಟಿ:
ಇನ್ನೊಂದು ದಿಕ್ಕಿನಿಂದಲೂ ನೋಡಬೇಕು ಅನ್ನಿಸುತ್ತದೆ. ಹೊತ್ತು ಮದ್ದನ್ನು ಬದಲಿಸುವುದು ಸರಿ. ಮದ್ದು ಹೊತ್ತನ್ನೇ ಬದಲಿಸುತ್ತದಾ?

ಸೂಜಿಮದ್ದು:
ಬದಲಿಸುತ್ತದೆ. ಜೇನುಹುಳದ ಕತೆ ಹೇಳುತ್ತೇನೆ. 2012ರಲ್ಲಿ ನ್ಯೂಜಿಲೆಂಡಿನ ತಂಡವೊಂದು ಜೇನುಹುಳಗಳಿಗೆ ಹಗಲಲ್ಲಿ 6 ಗಂಟೆ ಐಸೊಫ್ಲುರೇನ್ ಕೊಟ್ಟಿತು. ಜೇನು ಸೂರ್ಯನನ್ನು ನೋಡಿ ದಿಕ್ಕು ಹಿಡಿಯುತ್ತದೆ. ಸೂರ್ಯ ಸರಿಯುತ್ತಾ ಹೋಗುವುದರಿಂದ ಈಗ ಹೊತ್ತೆಷ್ಟು ಅಂತ ಅದಕ್ಕೆ ಒಳಗೇ ಗೊತ್ತಿರಬೇಕು. ಎಚ್ಚರವಾದ ಹುಳಗಳು ಹಾರಿದವು, ಆದರೆ ಬೇರೆ ದಿಕ್ಕಿಗೆ. ಅವುಗಳ ಪಾಲಿಗೆ ಅಷ್ಟು ಹೊತ್ತು ಕಳೆದೇ ಇರಲಿಲ್ಲ. ಅದೇ ಅರಿವಳಿಕೆ ರಾತ್ರಿ ಕೊಟ್ಟಾಗ ಗಡಿಯಾರ ಕದಲಲಿಲ್ಲ.

ಇನ್ನೊಂದು ಹ್ಯಾಮ್‌ಸ್ಟರ್ ಅನ್ನುವ ಇಲಿಯಂಥ ಪ್ರಾಣಿಯದು. 1986ರಲ್ಲಿ ಟ್ರಯಜೊಲಾಮ್ ಅನ್ನುವ ನಿದ್ದೆ ಮಾತ್ರೆಯ ಮದ್ದು ಹ್ಯಾಮ್‌ಸ್ಟರಿನ ಗಡಿಯಾರವನ್ನು ಹಿಂದೆ ಮುಂದೆ ಸರಿಸುತ್ತದೆ ಅಂತ ಕಂಡಿತು. ಮದ್ದು ನೇರ ಗಡಿಯಾರದ ಮೇಲೆ ಕೆಲಸ ಮಾಡುತ್ತದೆ ಅಂತ ಎಲ್ಲರೂ ಅಂದುಕೊಂಡರು. ಮೂರು ವರ್ಷದ ಮೇಲೆ ಬೇರೆಯೇ ಗೊತ್ತಾಯಿತು. ಈ ಮದ್ದು ಹ್ಯಾಮ್‌ಸ್ಟರನ್ನು ಮಲಗಿಸುವ ಬದಲು ಎಬ್ಬಿಸಿ ಓಡಿಸುತ್ತಿತ್ತು! ಆ ಓಟವೇ ಗಡಿಯಾರವನ್ನು ಸರಿಸುತ್ತಿತ್ತು. ಓಡದಂತೆ ಹಿಡಿದಿಟ್ಟಾಗ ಸರಿಯಲಿಲ್ಲ. ಮನುಷ್ಯನಿಗೆ ನಿದ್ದೆ ಮದ್ದು ಅಂದ ಮಾತ್ರಕ್ಕೆ ಪ್ರಾಣಿಗೂ ಅದು ನಿದ್ದೆ ಮದ್ದೇ ಅಂತ ಅಂದುಕೊಳ್ಳಬಾರದು ಅನ್ನುವುದಕ್ಕೆ ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಇದನ್ನೇ ಹೇಳುತ್ತೇನೆ.

ಪಶುವೈದ್ಯ:
ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನ್ನ ಹತ್ತಿರ ಬರುವ ನಾಯಿ ಬೆಕ್ಕುಗಳಿಗೆ ಬೆಳಕಿನ ಟೈಮರ್ ಇಲ್ಲ. ಗಾಯ ಆದ ನಾಯಿ ರಾತ್ರಿ ಎರಡಕ್ಕೆ ಬಂದರೆ ರಾತ್ರಿ ಎರಡಕ್ಕೇ ಹೊಲಿಗೆ. ಹೊತ್ತು ನೋಡಿ ಕಾಯಲು ಆಗುವುದಿಲ್ಲ, ಕಾಯಲೂ ಬಾರದು. ಹಾಗಾಗಿ ಪುಸ್ತಕದ ಡೋಸ್ ಪೂರ್ತಿ ಒಮ್ಮೆಗೇ ಕೊಡದೆ, ಪ್ರಾಣಿಯನ್ನು ನೋಡುತ್ತಾ ಸ್ವಲ್ಪ ಸ್ವಲ್ಪವೇ ಕೊಡುವ ಹಳೆಯ ಪದ್ಧತಿಯೇ ನನಗೆ ಸರಿ. ಈಗ ಅದಕ್ಕೆ ಇನ್ನೊಂದು ಕಾರಣ ಸಿಕ್ಕಿತು.

ಒಂದು ಮಾತ್ರ ನಾನೂ ಕಂಡದ್ದು. ಝೈಲಾಜಿನ್, ಮೆಡಿಟೊಮಿಡಿನ್ ಥರದ ಮಂಪರಿನ ಮದ್ದು ಕೊಟ್ಟ ಮೇಲೆ ಪ್ರಾಣಿಯನ್ನು ಮಂದ ಬೆಳಕಿನ, ಸದ್ದಿಲ್ಲದ ಜಾಗದಲ್ಲಿ ಬಿಡಬೇಕು. ಟ್ಯೂಬ್‌ಲೈಟಿನ ಕೆಳಗೆ, ಜನ ಓಡಾಡುವ ಕಡೆ ಬಿಟ್ಟರೆ ಅದೇ ಡೋಸ್ ಅರ್ಧಂಬರ್ಧ ಹತ್ತುತ್ತದೆ. ಇದು ಗಡಿಯಾರದ ವಿಷಯ ಅಲ್ಲ, ಗಾಬರಿಯದು. ಎರಡನ್ನೂ ಬೆರೆಸಬಾರದು. ಆದರೆ ಡೋಸ್ ಸಾಲದು ಅಂತ ಇನ್ನೊಂದು ಸೂಜಿ ತೆಗೆಯುವ ಮುಂಚೆ ದೀಪ ಆರಿಸಿ ಹತ್ತು ನಿಮಿಷ ಕಾಯಿರಿ ಅಂತ ನನ್ನ ಹುಡುಗರಿಗೆ ಹೇಳುತ್ತೇನೆ.

ಇಲಿಮನೆ:
ನಿನ್ನೆ ರಾತ್ರಿ ಆ ಹಳೆಯ ನೋಟ್‌ಬುಕ್ ಹುಡುಕಿ ತೆಗೆದೆ. ಪ್ರತಿ ಅಳತೆಯ ಸಮಯವನ್ನೂ ದೀಪ ಹತ್ತಿದ ಮೇಲಿನ ಗಂಟೆಗೆ ಬದಲಿಸಿ ಜೋಡಿಸೋಣ ಅಂದುಕೊಂಡಿದ್ದೆ. ಅವಳ ಪುಟಗಳಲ್ಲಿ ಪ್ರತಿ ಇಲಿಗೂ ಸಮಯ ಬರೆದಿದೆ, ನಿಮಿಷದ ತನಕ. ನನ್ನ ಪುಟಗಳಲ್ಲಿ "ಮಧ್ಯಾಹ್ನ" ಅಂತ ಮಾತ್ರ ಇದೆ. ಬೈಸಿಕೊಂಡವಳ ಲೆಕ್ಕ ಇಂದಿಗೂ ಉಪಯೋಗಕ್ಕೆ ಬರುತ್ತದೆ, ನನ್ನದು ಬರುವುದಿಲ್ಲ. ಅವಳಿಗೆ ಫೋನ್ ಮಾಡಿ ಹೇಳಿದೆ. ಬಹಳ ಹೊತ್ತು ಮಾತಾಡಿದೆವು.

ಈಗಿನ ನಮ್ಮ ಹಾಳೆಯಲ್ಲಿ ಮೊದಲ ಕಾಲಂ ಬದಲಿಸಿದ್ದೇನೆ. ದೀಪ ಹತ್ತಿದ್ದು ಸೊನ್ನೆ, ಅಲ್ಲಿಂದ ಎಷ್ಟು ಗಂಟೆ. ಪಕ್ಕದಲ್ಲಿ ಕೊನೆಯ ಊಟ ಯಾವಾಗ ಅಂತ ಇನ್ನೊಂದು ಕಾಲಂ.

ಎರಡನೇವರ್ಷ:
ಸರ್, ಕರೆಂಟ್ ಹೋದ ದಿನ ಹೇಗೆ ಲೆಕ್ಕ ಹಾಕಬೇಕು?

ರಾತ್ರಿಪಾಳಿ:
ಇದಕ್ಕೆ ನಾನು ಹೇಳುತ್ತೇನೆ. ಮುಳ್ಳು ತಿರುಗುವ ಹಳೆಯ ಟೈಮರ್ ಇದ್ದರೆ ಕರೆಂಟ್ ಹೋದಷ್ಟು ಹೊತ್ತು ಅದೂ ನಿಲ್ಲುತ್ತದೆ. ಎರಡು ಗಂಟೆ ಹೋಯಿತು ಅಂದರೆ ಅಂದಿನಿಂದ ನಿಮ್ಮ ಬೆಳಗು ಎರಡು ಗಂಟೆ ತಡ. ಯಾರೂ ಸರಿ ಮಾಡದಿದ್ದರೆ ತಿಂಗಳುಗಟ್ಟಲೆ ಹಾಗೇ ನಡೆಯುತ್ತದೆ, ಹಾಳೆಯಲ್ಲಿ ಮಾತ್ರ ಆರು ಗಂಟೆ ಅಂತಲೇ ಇರುತ್ತದೆ. ಕರೆಂಟ್ ಬಂದ ಕೂಡಲೇ ಮುಳ್ಳನ್ನು ನಿಮ್ಮ ವಾಚಿಗೆ ಹೊಂದಿಸಿ. ತಡವಾಗಿ ಗೊತ್ತಾದರೆ, ಸರಿ ಮಾಡಿದ ದಿನಾಂಕ ಬಾಗಿಲ ಮೇಲೆ ಬರೆದು ಅಂಟಿಸಿ, ಇಲಿಗಳಿಗೆ ಹೊಂದಿಕೊಳ್ಳಲು ಎರಡು ವಾರ ಬಿಡಿ. ಅಲ್ಲಿ ತನಕ ಯಾರೂ ಸೂಜಿ ಹಿಡಿದು ಒಳಗೆ ಬರಬೇಡಿ.